ಪರರ ಹೊಸ್ತಿಲಲ್ಲಿ

ತಿಪಟೂರು ಸೀಮೆಯ ನಮ್ಮ ಹಾಲ್ಕುರಿಕೆಯಲ್ಲಿ ಮನೆಯಿಂದ ಹೊರಡುವವರು ‘ಹೋಗುತ್ತೇನೆ’ ಎನ್ನಬಾರದು. ‘ಹೋಗಿ ಬರುತ್ತೇನೆ’ ಎನ್ನಬೇಕು. ಮಗಳ ಸಂಸಾರವಿರುವ ಟೋಕಿಯೋದಲ್ಲಿ ಮೂರು ತಿಂಗಳಿದ್ದ ನನಗೆ ಈ ಮಾತು ಅಲ್ಲಿಯೂ ಕೇಳಿಸಿತು. ಮನೆಬಿಟ್ಟು ಹೊರಡುವ ಜಪಾನೀಯರು ‘ಇತ್ತೆಕಿಮಾಸು’ ಎನ್ನುತ್ತಾರೆ. ಅದರ ಅರ್ಥವೂ ‘ಹೋಗಿ ಬರುತ್ತೇನೆ’ ಎಂದೇ!

ಅಲ್ಲಿಯೂ ಪಾದರಕ್ಷೆಗಳು ಬಾಗಿಲಲ್ಲೇ ಉಳಿಯಬೇಕು. ಊಟದ ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿ ನಿಲ್ಲಿಸಬಾರದು; ಸತ್ತವರ ಮುಂದಿಡುವ ಅನ್ನಕ್ಕೆ ಹಾಗೆ ಚುಚ್ಚುವುದು ವಾಡಿಕೆ. ಇದನ್ನು ಕೇಳಿ ನಗುವ ಮೊದಲು, ನಮ್ಮ ಮನೆಗೆ ಬಂದವರು ಎಡಗೈಯಲ್ಲಿ ತಾಂಬೂಲ ತೆಗೆದುಕೊಂಡರೆ ಹಿರಿಯರ ಮುಖ ಹೇಗಾದೀತೆಂದು ನೆನೆಯಬೇಕು.

ಹಾಗೆಂದು ನಮ್ಮ ನೇಮವನ್ನು ಬಿಡಬೇಕಾಗಿಲ್ಲ. ಜಪಾನಿನ ಅನೇಕ ಸಾರುಗಳಿಗೆ ಒಣಮೀನಿನ ರಸವೇ ಮೂಲ. ಶಾಕಾಹಾರಿಯಾದ ನಾನು, ಊಟಕ್ಕೆ ಕರೆದವರಿಗೆ ಮಗಳ ಮೂಲಕ ಅದನ್ನು ಮೊದಲೇ ವಿನಯದಿಂದ ತಿಳಿಸುತ್ತಿದ್ದೆ. ಬರಿಗೈಯಲ್ಲಿ ಹೋಗುವುದು ಅಲ್ಲಿಯೂ ಸಲ್ಲದು. ಮನೆಯಲ್ಲೇ ಮಾಡಿದ ಕೊಬ್ಬರಿ ಮಿಠಾಯಿಯನ್ನು ಎರಡೂ ಕೈಗಳಿಂದ ಒಪ್ಪಿಸುತ್ತಿದ್ದೆ.

ಬಡಿಸಿದ ಮೇಲೆ ಬಟ್ಟಲನ್ನು ದೂರ ಸರಿಸಿದರೆ ಅಡಿಗೆ ಮಾಡಿದವರ ಮನಸ್ಸು ನೋಯುತ್ತದೆ. ಸಂಕೋಚದಿಂದ ಉಂಡರೆ ನಮ್ಮ ಮನಸ್ಸು ನೋಯುತ್ತದೆ. ಮೊದಲೇ ಆಡಿದ ಒಂದು ಮೃದುವಾದ ಮಾತು ಎರಡನ್ನೂ ಕಾಯುತ್ತದೆ. ಪರದೇಶದಲ್ಲಿ ನಾವು ಕಲಿಯಬೇಕಾದ ಮೊದಲ ಶಿಷ್ಟಾಚಾರ ಇದೇ.