ಬಂಡೆಯ ಒಡನಾಟ

ಬೆಂಗಳೂರಿನ ಸುತ್ತಿನ ಹಳ್ಳಿಗಳಲ್ಲಿ ಹಾಸುಬಂಡೆ ಇಲ್ಲದ ಊರೇ ಇರಲಿಲ್ಲ. ಕೆರೆಯ ಮಗ್ಗುಲಲ್ಲೋ ಊರ ಮುಂದೆಯೋ ಆನೆಯ ಬೆನ್ನಿನಂತೆ ಎದ್ದಿರುತ್ತಿತ್ತು. ರಾಗಿ ಒಣಗಿಸುವುದು, ಹಪ್ಪಳ ಹಾಕುವುದು, ಹೊತ್ತು ಮುಳುಗಿದ ಮೇಲೆ ಗಂಡಸರು ಕೂತು ಪಂಚಾಯ್ತಿ ಮಾಡುವುದು, ಎಲ್ಲಕ್ಕೂ ಅದೇ ಜಾಗ. ಹೊಲದ ಬೇಲಿಗೆ ನೆಟ್ಟ ಕಲ್ಲೂ ಜಗಲಿಯ ಚಪ್ಪಡಿಯೂ ಅಡುಗೆಮನೆಯ ಒರಳೂ ಅಲ್ಲಿಂದಲೇ ಬಂದವು. ಆ ಬಂಡೆಗಳು ಈಗ ಎಲ್ಲಿ? ಹೆಚ್ಚಿನವು ಜಲ್ಲಿಯಾದವು. ಉಳಿದವುಗಳ ಮೇಲೆ ಲೇಔಟು ಎದ್ದಿದೆ.

ಲಾಲ್‌ಬಾಗಿನ ಬಂಡೆ ಉಳಿದಿದೆ, ಪುಣ್ಯ. ಕೆಂಪೇಗೌಡರ ಗೋಪುರ ನೋಡಲು ಮೇಲೆ ಹತ್ತುವವರು ಒಂದು ನಿಮಿಷ ಬಗ್ಗಿ ಕಾಲಡಿ ನೋಡಬೇಕು. ಬೆಣಚುಕಲ್ಲಿನ ಬಿಳಿ ಪಟ್ಟೆ, ಅದರ ಪಕ್ಕ ಅಭ್ರಕದ ಕಪ್ಪು ಪಟ್ಟೆ, ಮತ್ತೆ ಬಿಳಿ. ಕೆಲವು ಕಡೆ ಪಟ್ಟೆಗಳು ನೆಟ್ಟಗೆ ಹೋಗುತ್ತಿದ್ದದ್ದು ತಟ್ಟನೆ ಮಡಿಚಿಕೊಂಡು ಹಿಂದಕ್ಕೆ ತಿರುಗಿವೆ. ಕಲ್ಲು ಹೀಗೆ ಬಾಗಬೇಕಾದರೆ ಅದು ಭೂಮಿಯ ಎಷ್ಟೋ ಮೈಲಿ ಆಳದಲ್ಲಿ, ಸುಡುವ ಬಿಸಿಯಲ್ಲಿ, ಅಸಾಧ್ಯ ಒತ್ತಡದಲ್ಲಿ ಇದ್ದಿರಬೇಕು. ಮೇಲಿದ್ದ ಬೆಟ್ಟಗಳೆಲ್ಲ ಮಳೆಗಾಳಿಗೆ ಸವೆದು ಹೋದ ಮೇಲೆ ಅದು ಬೆಳಕು ಕಂಡಿತು. ವಯಸ್ಸು ಸುಮಾರು 300 ಕೋಟಿ ವರ್ಷ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಸ್ಮೀತ್ 1916ರಲ್ಲಿ ಈ ಜಾತಿಯ ಕಲ್ಲಿಗೆ ‘ಪೆನಿನ್ಸುಲರ್ ನೈಸ್’ ಎಂದು ಹೆಸರಿಟ್ಟರು. ಪಡುವಣಕ್ಕೆ, ರಾಮನಗರದ ಕಡೆಗೆ ಹೋದರೆ ಕಲ್ಲೇ ಬೇರೆ. ಸುಮಾರು 250 ಕೋಟಿ ವರ್ಷದ ಹಿಂದೆ ಕರಗಿದ ಶಿಲೆ ಈ ನೈಸನ್ನು ಸೀಳಿಕೊಂಡು ಮೇಲೆ ಬಂದು ಗಟ್ಟಿಯಾದ ಗ್ರಾನೈಟು ಅದು. ಸಾವನದುರ್ಗ, ರಾಮದೇವರ ಬೆಟ್ಟ ಎಲ್ಲ ಆ ಪಟ್ಟಿಯವೇ.

ಕಲ್ಲಿನ ಕೆಲಸದವರಿಗೆ ಈ ವಿಜ್ಞಾನ ಬೇರೆ ದಾರಿಯಲ್ಲಿ ಗೊತ್ತಿತ್ತು. ಬೆಂಗಳೂರಿನ ಕಲ್ಲುಕುಟಿಗರು ಚಪ್ಪಡಿ ಎಬ್ಬಿಸುತ್ತಿದ್ದ ಬಗೆಯನ್ನು 1895ರಲ್ಲಿ ‘ನೇಚರ್’ ಪತ್ರಿಕೆ ಬಣ್ಣಿಸಿತ್ತು. ಬಂಡೆಯ ಮೇಲೆ ಸಣ್ಣ ಸಾಲಾಗಿ ಸೌದೆ ಉರಿಸುವುದು. ಬಿಸಿಗೆ ಮೇಲಿನ ಪದರ ಹಿಗ್ಗಿ, ಅಡಿಯ ಕಲ್ಲಿನಿಂದ ಬಿಡುತ್ತದೆ. ಸುತ್ತಿಗೆಯಲ್ಲಿ ತಟ್ಟಿ ಸದ್ದು ಕೇಳುವುದು. ಪದರ ಬಿಟ್ಟಿದೆ ಎಂದು ಕಿವಿಗೆ ತಿಳಿದರೆ ಬೆಂಕಿಯನ್ನು ಇನ್ನಷ್ಟು ಮುಂದಕ್ಕೆ ತಳ್ಳುವುದು. ಸಿಡಿಮದ್ದಿಲ್ಲದೆ ಅಗಲವಾದ ಹಾಳೆ ಇಡಿಯಾಗಿ ಏಳುತ್ತಿತ್ತು. ಕಲ್ಲಿನ ಮಾತು ಕೇಳಿಸಿಕೊಳ್ಳುತ್ತಿದ್ದ ಆ ಕಿವಿಗಳಿಗೆ ಈಗ ಕೆಲಸವಿಲ್ಲ. ಕ್ವಾರಿಯಲ್ಲಿ ಸಿಡಿಸುತ್ತಾರೆ, ಕ್ರಷರಿಗೆ ಹಾಕುತ್ತಾರೆ, ಎಂ-ಸ್ಯಾಂಡ್ ಆಗಿ ಲಾರಿಯಲ್ಲಿ ಊರಿಗೆ ಬರುತ್ತದೆ. ನನಗೆ ಹೆಚ್ಚು ನೋವಾಗುವುದು ಇಲ್ಲಿಯೇ. ಕಲ್ಲನ್ನು ಹಿಂದಿನವರೂ ಒಡೆದರು, ಆದರೆ ಒಡೆದದ್ದು ಕಲ್ಲಾಗಿಯೇ ಉಳಿದು ಮೂರು ತಲೆಮಾರಿಗೆ ಜಗಲಿಯಾಗಿತ್ತು.

ನೀರಿನ ಕಥೆಯೂ ಈ ಬಂಡೆಯದೇ. ಬೆಂಗಳೂರು ಒಂದು ದಿಬ್ಬದ ಮೇಲಿದೆ: ಪಡುವಲ ಮಳೆ ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಗೆ, ಮೂಡಲದ್ದು ದಕ್ಷಿಣ ಪಿನಾಕಿನಿಗೆ. ಬಂಡೆಯ ಮೇಲ್ಪದರ ಕೊಳೆತು ಗರಸಾದ ಕಡೆ ನೀರು ಇಂಗಿ ನಿಲ್ಲುತ್ತಿತ್ತು, ಬಾವಿ ತೋಡಿದರೆ ಸಿಗುತ್ತಿತ್ತು. ಆ ಗರಸು ಬರಿದಾಗಿ, ಮೇಲೆ ಕಾಂಕ್ರೀಟು ಬಿದ್ದಿತು. ಗರಸಿನ ಕೆಳಗೆ ಗಟ್ಟಿ ಕಲ್ಲು, ನೀರೇನಿದ್ದರೂ ಬಿರುಕುಗಳಲ್ಲಿ. ಆ ಬಿರುಕು ಹುಡುಕುತ್ತ ಬೋರ್‌ವೆಲ್ಲುಗಳು 1000 ಅಡಿ ದಾಟಿವೆ.

ಮಿಟ್ಟಗಾನಹಳ್ಳಿ, ಬೆಳ್ಳಳ್ಳಿಯ ಕಡೆ ಕಲ್ಲು ತೆಗೆದ ಗುಂಡಿಗಳಿಗೆ ನಾವು ನಗರದ ಕಸ ಸುರಿದೆವು. ಕೊಳೆತ ಕಸದ ಕಪ್ಪು ರಸ ಇಳಿಯುವುದಕ್ಕೂ ದಾರಿ ಬಂಡೆಯ ಆ ಬಿರುಕುಗಳೇ.