ಉಳವಿಯ ಹಾದಿಯಲ್ಲಿ ನುಡಿ ಮತ್ತು ನಡೆ

ಕನ್ನಡದಲ್ಲಿ 'ನಡೆ' ಎಂಬ ಪದಕ್ಕೆ ಎರಡು ಅರ್ಥಗಳಿವೆ. ಕಾಲಿನಿಂದ ದಾರಿ ಸವೆಸುವುದೂ ನಡೆ. ಮನುಷ್ಯನು ಬಾಳುವ ರೀತಿಯೂ ನಡೆ. ನುಡಿ ನಡೆಗಳು ಒಂದಾಗಬೇಕೆಂದು ಶರಣರು ಬಾರಿ ಬಾರಿಗೂ ಎಚ್ಚರಿಸಿದಾಗ ಅವರ ಮನಸ್ಸಿನಲ್ಲಿದ್ದುದು ಎರಡನೆಯ ಅರ್ಥ. ಆದರೆ ಎರಡೂ ಅರ್ಥಗಳು ಕೂಡಿಬಂದ ಸಂದರ್ಭವೊಂದು ಅವರ ಬಾಳಿನಲ್ಲಿಯೇ ಒದಗಿತು. 12ನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನವರ ಮಗ ಶೀಲವಂತನಿಗೂ ಬ್ರಾಹ್ಮಣ ಮೂಲದ ಮಧುವರಸರ ಮಗಳು ಲಾವಣ್ಯಳಿಗೂ ವಿವಾಹವಾಯಿತು. ಅದಕ್ಕಾಗಿ ಬಿಜ್ಜಳನ ಆಳ್ವಿಕೆಯಲ್ಲಿ ಆ ಇಬ್ಬರು ತಂದೆಯರು ಎಳೆಹೂಟೆಯ ಶಿಕ್ಷೆಗೆ ಗುರಿಯಾದರು. ಶರಣರು ಚದುರಿದರು. ಚೆನ್ನಬಸವಣ್ಣನವರು, ಅಕ್ಕನಾಗಮ್ಮನವರು ಮತ್ತು ಇತರ ಶರಣರು ವಚನದ ಕಟ್ಟುಗಳನ್ನು ಹೊತ್ತು, ಮಲಪ್ರಭೆಯನ್ನು ದಾಟಿ ಉಳವಿಯ ಕಾಡನ್ನು ಸೇರಿದರೆಂಬುದು ಪರಂಪರೆಯ ನಂಬಿಕೆ. ಆಡಿದ ನುಡಿಗಾಗಿ ಅವರು ಕಾಲ್ನಡೆಯಲ್ಲಿಯೇ ಬೆಲೆ ತೆತ್ತರು.

ಉಳವಿ ಇಂದಿನ ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲ್ಲೂಕಿನಲ್ಲಿದೆ. ಮಾಘ ಮಾಸದ ಜಾತ್ರೆಗೆ ಧಾರವಾಡ, ಬೆಳಗಾವಿ ಸೀಮೆಯ ಭಕ್ತರು ಎತ್ತಿನ ಚಕ್ಕಡಿ ಕಟ್ಟಿಕೊಂಡು ಬರುತ್ತಾರೆ. ಆಗ ದಾರಿ ಒಣಗಿರುತ್ತದೆ. ಮಳೆಗಾಲದಲ್ಲಿ ನಡೆದು ಹೋಗುವವರು ವಿರಳ. 2024ರ ಶ್ರಾವಣದಲ್ಲಿ ಧಾರವಾಡ ಸೀಮೆಯ ಒಂದೇ ಊರಿನ ಐವರು ಗೆಳೆಯರು ಗುಂದದವರೆಗೆ ಬಸ್ಸಿನಲ್ಲಿ ಬಂದು, ಅಲ್ಲಿಂದ ಉಳವಿಗೆ ನಡೆದೇ ಹೊರಟರು. ಒಬ್ಬರು ನಿವೃತ್ತ ಶಿಕ್ಷಕರು, ಒಬ್ಬರು ಹೊಲಿಗೆಯ ಕಾಯಕದವರು, ಇಬ್ಬರು ರೈತರು, ಇನ್ನೊಬ್ಬರು ಕಿರಾಣಿ ಅಂಗಡಿಯವರು. ಐವರೂ ಬಾಲ್ಯದಿಂದ ಕೂಡಿ ಬೆಳೆದವರು. ಊರಿನ ಬಸವ ಜಯಂತಿಯನ್ನು ವರ್ಷ ವರ್ಷವೂ ಕೂಡಿಯೇ ಮಾಡಿದವರು. ಆದರೆ ಶಿಕ್ಷಕರಿಗೂ ಹೊಲಿಗೆಯವರಿಗೂ ಒಂದು ವರ್ಷದಿಂದ ಮಾತು ನಿಂತಿತ್ತು. 2023ರಲ್ಲಿ ಹೊಲಿಗೆಯವರ ಮಗಳು ಅನ್ಯಜಾತಿಯ ತರುಣನನ್ನು ಮದುವೆಯಾಗಿದ್ದಳು. ಸಭೆಗಳಲ್ಲಿ ವಚನಗಳ ಅರ್ಥ ಬಿಡಿಸಿ ಹೇಳುತ್ತಿದ್ದ ಶಿಕ್ಷಕರು ಆ ಮದುವೆಗೆ ಹೋಗಲಿಲ್ಲ. ಉಳಿದ ಮೂವರು ಇಬ್ಬರನ್ನೂ ಬೇರೆ ಬೇರೆಯಾಗಿ ಒಪ್ಪಿಸಿ ಕರೆತಂದಿದ್ದರು.

ಹೊರಟ ಸ್ವಲ್ಪ ಹೊತ್ತಿಗೇ ಮಳೆ ಹಿಡಿಯಿತು. ಗಾಳಿಗೆ ಛತ್ರಿಗಳು ನಿಲ್ಲಲಿಲ್ಲ. ಹುಲಿಗಳಿರುವ ಕಾಡಾದ್ದರಿಂದ ಯಾರೂ ರಸ್ತೆ ಬಿಟ್ಟು ಇಳಿಯಲಿಲ್ಲ, ಯಾರೂ ಒಂಟಿಯಾಗಿ ಮುಂದೆ ಹೋಗಲೂ ಇಲ್ಲ. ಶಿಕ್ಷಕರ ಮೊಣಕಾಲು ನೋಯುತ್ತಿದ್ದುದರಿಂದ ಎಲ್ಲರ ನಡಿಗೆಯೂ ಅವರ ನಡಿಗೆಯಷ್ಟೇ ಆಯಿತು. ಉಂಬಳಗಳು ಕಾಲಿಗೆ ಹತ್ತತೊಡಗಿದವು. ಸುಣ್ಣದ ಡಬ್ಬಿ ಹೊಲಿಗೆಯವರ ಬಳಿಯಲ್ಲಿತ್ತು. ಅವರು ಒಬ್ಬೊಬ್ಬರ ಕಾಲಿಗೂ ಸುಣ್ಣ ಹಚ್ಚಿ ಉಂಬಳ ಬಿಡಿಸಿದರು. ಬಾಗಲಾರದ ಶಿಕ್ಷಕರ ಪಾದದ ಬಳಿಯೂ ಕುಳಿತು ಅದೇ ಕೆಲಸ ಮಾಡಿದರು. ಮಾತು ಮಾತ್ರ ಹೊರಡಲಿಲ್ಲ. ಶಿಕ್ಷಕರ ಹೆಗಲ ಚೀಲದಲ್ಲಿ ವಚನಗಳ ಪುಸ್ತಕವೊಂದು ಎರಡು ಸುತ್ತು ಪ್ಲಾಸ್ಟಿಕ್ ಹಾಳೆಯೊಳಗೆ ಭದ್ರವಾಗಿತ್ತು.

ಮಧ್ಯಾಹ್ನ ಮಳೆ ಬಲವಾದಾಗ ರಸ್ತೆ ಬದಿಯ ಕುಣಬಿಯರ ಮನೆಯೊಂದರಿಂದ ಕರೆ ಬಂದಿತು. ಮನೆಯ ವೃದ್ಧೆಯ ಮಾತು ಕೊಂಕಣಿ, ಇವರದು ಧಾರವಾಡದ ಕನ್ನಡ. ಆದರೂ ಆಕೆ ಒಲೆಯ ಮುಂದೆ ಜಾಗ ಮಾಡಿಕೊಟ್ಟಳು. ಇಷ್ಟಲಿಂಗ ಪೂಜೆ ಮುಗಿಸಿ ಬುತ್ತಿ ಬಿಚ್ಚಿದರೆ ಕಟಕ ರೊಟ್ಟಿಯೆಲ್ಲ ನೀರು ಕುಡಿದು ಮೆತ್ತಗಾಗಿತ್ತು. ಅದನ್ನು ಕಂಡ ಆಕೆ ಬಿಸಿ ಗಂಜಿ ಬಡಿಸಿದಳು. ಶಿಕ್ಷಕರು ಎರಡು ಸಲ ಹಾಕಿಸಿಕೊಂಡರು. ಆಗ ರೈತರಲ್ಲೊಬ್ಬರು, "ಮಾಸ್ತರ, ಈ ತಾಯಿ ಕುಲಾ ಯಾವ್ದಂತ ನೀ ಕೇಳಲೇ ಇಲ್ಲಲ್ಲ?" ಎಂದರು. ಹಾಸ್ಯಕ್ಕೆಂದು ಆಡಿದ ಮಾತಿಗೆ ಯಾರೂ ನಗಲಿಲ್ಲ. ಶಿಕ್ಷಕರು ಬಟ್ಟಲನ್ನು ಕೆಳಗಿಟ್ಟು ಬಹಳ ಹೊತ್ತು ಒಲೆಯನ್ನೇ ನೋಡುತ್ತ ಕುಳಿತರು.

ಉಳವಿಯ ಸಮೀಪದಲ್ಲಿ ಹರಳಯ್ಯನ ಚಿಲುಮೆ ಎಂದು ಕರೆಯುವ ನೀರಿನ ಸೆಲೆಯಿದೆ. ಐವರೂ ಅಲ್ಲಿಗೆ ತಲುಪಿದಾಗ ಸಂಜೆಯಾಗಿತ್ತು. ಬೊಗಸೆ ನೀರು ಕುಡಿದ ಶಿಕ್ಷಕರು ಹೊಲಿಗೆಯವರ ಕಡೆಗೆ ತಿರುಗಿ, "ಮಗಳು ಈಗ ಎಲ್ಲಿರ್ತಾಳೋ?" ಎಂದು ಕೇಳಿದರು.

"ಹುಬ್ಬಳ್ಳ್ಯಾಗ."

"ನಾ ಹೋದ್ರ ಬಾಗಲಾ ತಗೀತಾಳೇನು?"

"ಕಾಕಾ ಬರಲಿಲ್ಲಂತ ಅವತ್ತು ಅತ್ತಾಳ. ಬಾಗಲದ ಮಾತು ನೀನ ಹೋಗಿ ಕೇಳು."

ಶಿಕ್ಷಕರು ಆ ತಿಂಗಳಲ್ಲಿಯೇ ಹುಬ್ಬಳ್ಳಿಗೆ ಹೋದರು. ಬಾಗಿಲು ತೆರೆಯಿತು, ಪ್ರಸಾದವೂ ಆಯಿತು. ಆದರೆ ತಪ್ಪಿಹೋದ ಮದುವೆಯ ದಿನ ಮರಳಿ ಬರಲಿಲ್ಲ. ಮಗಳ ಮಾತಿನಲ್ಲಿ ಗೌರವವಿತ್ತು. ಮೊದಲಿನ ಸಲುಗೆ ಇರಲಿಲ್ಲ. ಅದು ಬರಲು ಕಾಲ ಬೇಕು.

ಆ ದಿನದ ಮಳೆಯಲ್ಲಿ ಪುಸ್ತಕದ ಒಂದು ಹಾಳೆಯೂ ತೊಯ್ಯಲಿಲ್ಲ. ವಚನಗಳನ್ನು ಹಾಗೆ ಜೋಪಾನ ಮಾಡುವುದು ಪುಣ್ಯದ ಕೆಲಸವೇ. ಶರಣರು ಪ್ರಾಣವನ್ನೇ ಪಣಕ್ಕಿಟ್ಟು ಆ ಕಟ್ಟುಗಳನ್ನು ಉಳಿಸದಿದ್ದರೆ ಇಂದು ನಮ್ಮ ಕೈಗೆ ಏನು ಸಿಗುತ್ತಿತ್ತು? ಆದರೆ ಹಾಗೆ ಉಳಿಸಿದವರು ಒಂದು ಮದುವೆಯ ಪಕ್ಷದಲ್ಲಿ ನಿಂತು ಮನೆಮಠ ಕಳೆದುಕೊಂಡವರೆಂಬುದನ್ನು ಮರೆತು ಪುಸ್ತಕವನ್ನಷ್ಟೇ ಹೊತ್ತರೆ, ಅದು ಹೆಗಲಿಗೆ ಭಾರವಾಗುತ್ತದೆ. ದಾಸೋಹವೆಂಬ ಪದವನ್ನೇ ಅರಿಯದ ವೃದ್ಧೆ ಒಲೆಯ ಮುಂದೆ ದಾಸೋಹ ಮಾಡಿದಳು. ಮುನಿದ ಗೆಳೆಯನ ಪಾದದ ಬಳಿ ಕುಳಿತವರು ಸೇವೆಯೆಂಬ ಹೆಸರನ್ನೂ ಹೇಳಲಿಲ್ಲ. ಅವರಿಬ್ಬರ ನಡೆಯೇ ಶಿಕ್ಷಕರ ನುಡಿಗೆ ದಾರಿ ತೋರಿಸಿತು. ನಮ್ಮ ನಮ್ಮ ಊರುಗಳಲ್ಲಿಯೂ ಇಂತಹ ಮದುವೆಗಳು ನಡೆಯುತ್ತವೆ, ಕರೆಯೋಲೆಗಳು ಬರುತ್ತವೆ. ಓದಿದ ವಚನದ ಅರ್ಥ ತಿಳಿದಿದೆಯೋ ಇಲ್ಲವೋ ಎಂಬುದು ಗೊತ್ತಾಗುವುದು ಅಂದೇ.