ಕಾರಿನ ನಾಡಿ

ಯಂತ್ರಕ್ಕೆ ಬಾಯಿಲ್ಲ ಎಂದು ನಾವು ಹೇಳುವುದುಂಟು. ನಾನೂ ಬಹುಕಾಲ ಹಾಗೆಯೇ ತಿಳಿದಿದ್ದೆ. ಯಂತ್ರಕ್ಕೆ ಬಾಯಿ ಇದೆ, ನಮಗೆ ಕಿವಿ ಇಲ್ಲ ಎಂಬುದನ್ನು ನನಗೆ ಕಲಿಸಿದ್ದು ಪೊನ್ನಂಪೇಟೆಯ ಒಂದು ಮಳೆಗಾಲದ ರಾತ್ರಿ.

1985ರಲ್ಲಿ ನಾನು ಪೊನ್ನಂಪೇಟೆಯಲ್ಲಿ ಉಪಾಧ್ಯಾಯನಾಗಿದ್ದೆ. ಆಗ ಅದು ವಿರಾಜಪೇಟೆ ತಾಲ್ಲೂಕಿಗೆ ಸೇರಿದ ಸಣ್ಣ ಊರು. ಈಗಿನಂತೆ ತಾಲ್ಲೂಕಿನ ಕೇಂದ್ರವಾಗಿರಲಿಲ್ಲ. ಹುದಿಕೇರಿಯ ಕಡೆಗೆ ಹೋಗುವ ರಸ್ತೆಯಲ್ಲಿ, ಕಾಫಿ ತೋಟಗಳ ನಡುವೆ ನಮ್ಮ ಮನೆ. ಕೂಡಿಟ್ಟ ಹಣಕ್ಕೆ ಒಂದಿಷ್ಟು ಸಾಲವನ್ನು ಸೇರಿಸಿ, ಬೇರೊಬ್ಬರು ಹತ್ತು ವರ್ಷ ಓಡಿಸಿದ್ದ ಪೆಟ್ರೋಲ್ ಕಾರೊಂದನ್ನು ಕೊಂಡೆ. ಅದನ್ನು ಓಡಿಸಲು ಕಲಿತೆ. ತೊಳೆದು ಒರೆಸಿ ಹೊಳೆಯಿಸಲು ಕಲಿತೆ. ಬಾನೆಟ್ಟಿನ ಕೆಳಗೆ ಏನಿದೆ ಎಂದು ನೋಡುವ ಗೋಜಿಗೆ ಮಾತ್ರ ಹೋಗಲಿಲ್ಲ.

ಮರುವರ್ಷ ಜೂನ್ ತಿಂಗಳಿನಲ್ಲಿ ಮಳೆ ಹಿಡಿಯಿತು. ಕೊಡಗಿನ ಮಳೆಯನ್ನು ಕಂಡವರೇ ಬಲ್ಲರು. ಒಗೆದ ಬಟ್ಟೆ ವಾರ ಕಳೆದರೂ ಒಣಗುವುದಿಲ್ಲ, ಗೋಡೆಯೂ ಬೆವರುತ್ತದೆ. ಆ ದಿನಗಳಲ್ಲಿ ನನ್ನ ಕಾರು ಬೆಳಗಿನ ಹೊತ್ತು ತೊದಲತೊಡಗಿತು. ಕೀಲಿ ತಿರುಗಿಸಿದರೆ ಇಂಜಿನ್ ಒಂದೆರಡು ಸಲ ಕೆಮ್ಮುತ್ತಿತ್ತು, ಬಳಿಕ ಒಲ್ಲದ ಮನಸ್ಸಿನಿಂದ ಏಳುತ್ತಿತ್ತು. ಅಪರೂಪಕ್ಕೆ ಬಿಸಿಲು ಬಿದ್ದ ದಿನ ಮಾತ್ರ ಏನೂ ಆಗದಂತೆ ಓಡುತ್ತಿತ್ತು. “ಈ ಚಳಿಗೆ ಮನುಷ್ಯರೇ ಏಳುವುದಿಲ್ಲ, ಪಾಪ ಕಾರು!” ಎಂದು ನಕ್ಕು ಸುಮ್ಮನಾದೆ.

ಜುಲೈ ತಿಂಗಳಿನ ಒಂದು ರಾತ್ರಿ ನನ್ನ ತಾಯಿಗೆ ಉಸಿರು ಕಟ್ಟಿಬಂದಿತು. ಮಲಗಲಾರರು, ಮಾತನಾಡಲಾರರು. ತಮ್ಮನೂ ನಾನೂ ಅವರನ್ನು ಕಾರಿನಲ್ಲಿ ಕುಳ್ಳಿರಿಸಿಕೊಂಡು ವಿರಾಜಪೇಟೆಯ ಆಸ್ಪತ್ರೆಗೆಂದು ಹೊರಟೆವು. ಅರ್ಧ ಮೈಲಿ ಹೋಗಿರಬಹುದು. ರಸ್ತೆಯ ತಗ್ಗಿನಲ್ಲಿ ನೀರು ನಿಂತಿತ್ತು. ಆತುರದಲ್ಲಿ ವೇಗವಾಗಿಯೇ ನುಗ್ಗಿಸಿದೆ. ನೀರು ಎರಡು ಪಕ್ಕಕ್ಕೂ ಚಿಮ್ಮಿತು. ತಗ್ಗನ್ನು ದಾಟಿ ಆಚೆಯ ದಿಬ್ಬದ ನೆತ್ತಿಯನ್ನು ಮುಟ್ಟುವಷ್ಟರಲ್ಲಿ ಕಾರು ತಟಕ್ಕನೆ ನಿಂತುಬಿಟ್ಟಿತು.

ನಾನು ಕೀಲಿಯನ್ನು ತಿರುಗಿಸಿದೆ. ಮತ್ತೆ ತಿರುಗಿಸಿದೆ. ಹತ್ತಾರು ಸಲ ತಿರುಗಿಸಿದ ಮೇಲೆ ಸ್ಟಾರ್ಟರಿನ ಧ್ವನಿಯೇ ಕ್ಷೀಣವಾಯಿತು, ದೀಪಗಳು ಮಂಕಾದವು. ಪೆಟ್ರೋಲನ್ನು ಬೈದೆ, ಕಾರನ್ನು ಮಾರಿದವರನ್ನು ಬೈದೆ. ಹಿಂದಿನ ಸೀಟಿನಲ್ಲಿ ಅಮ್ಮ ಉಸಿರಿಗಾಗಿ ಹೋರಾಡುತ್ತಿದ್ದರು. ತಮ್ಮ ಮಳೆಯಲ್ಲಿಯೇ ಓಡಿಹೋಗಿ ಮೇಸ್ತ್ರಿಯನ್ನು ಎಬ್ಬಿಸಿ ಕರೆತಂದ.

ಮೇಸ್ತ್ರಿ ಎಂದರೆ ಕಣ್ಣೂರಿನ ಕಡೆಯಿಂದ ಮಾಕುಟ್ಟದ ಘಟ್ಟವನ್ನು ಹತ್ತಿ ಬಂದು ನಮ್ಮಲ್ಲಿ ನೆಲೆಸಿದ್ದ ಹಿರಿಯರು. ಊರಿನವರೆಲ್ಲ ಅವರನ್ನು ‘ಕಾಕ’ ಎಂದೇ ಕರೆಯುತ್ತಿದ್ದರು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಟಾರ್ಚು. ಬಂದವರೇ ಬಾನೆಟ್ಟಿಗೆ ಕೈಹಾಕಲಿಲ್ಲ.

“ಮೇಷ್ಟ್ರೆ, ಗಾಡಿ ತಟಕ್ಕನೆ ನಿಂತಿತೋ, ಮುಗ್ಗರಿಸುತ್ತಾ ಮುಗ್ಗರಿಸುತ್ತಾ ನಿಂತಿತೋ?”

“ತಟಕ್ಕನೆ ನಿಂತಿತು, ಕಾಕ.”

“ಮೊದಲು ಯಾವಾಗಲಾದರೂ ತೊಂದರೆ ಕೊಟ್ಟಿತ್ತೋ?”

ನಾನು ಬೆಳಗಿನ ತೊದಲಿನ ಕಥೆಯನ್ನು ಹೇಳಿದೆ. ಅವರು ತಲೆಯಾಡಿಸಿದರು. ಕೊಡೆಯನ್ನು ತಮ್ಮನ ಕೈಗೆ ಕೊಟ್ಟು, ಇಂಜಿನ್ನಿನ ಪಕ್ಕದಲ್ಲಿದ್ದ ಡಿಸ್ಟ್ರಿಬ್ಯೂಟರಿನ ಕಪ್ಪು ಮುಚ್ಚಳವನ್ನು ಬಿಚ್ಚಿದರು. ಪ್ರತಿಯೊಂದು ಪ್ಲಗ್ಗಿಗೂ ಸರದಿಯಂತೆ ವಿದ್ಯುತ್ತನ್ನು ಹಂಚುವ ಭಾಗ ಅದು. ಒಳಗೆ ನೀರಿನ ಹನಿಗಳು ಹೊಳೆದವು. ಮುಚ್ಚಳದ ಒಂದು ಬದಿಯಲ್ಲಿ ಕೂದಲೆಳೆಯಂಥ ಬಿರುಕು. “ಹಾದಿ ತಪ್ಪಿ ಕರೆಂಟು ಇಲ್ಲಿಂದ ಸೋರಿಹೋಗುತ್ತಿತ್ತು. ಬಿಸಿಲಿಗೆ ಒಣಗಿದರೆ ಸರಿ, ತೇವ ಬಂದರೆ ತೊಂದರೆ. ಗಾಡಿ ಒಂದು ತಿಂಗಳಿನಿಂದ ನಿಮಗೆ ಇದನ್ನೇ ಹೇಳುತ್ತಿತ್ತು” ಎಂದರು. ಅಂಗಿಯೊಳಗೆ ನೆನೆಯದಂತೆ ಇಟ್ಟುಕೊಂಡಿದ್ದ ಒಣಬಟ್ಟೆಯಿಂದ ಮುಚ್ಚಳವನ್ನೂ ತಂತಿಗಳನ್ನೂ ಒರೆಸಿದರು. ಬ್ಯಾಟರಿಯ ಶಕ್ತಿಯನ್ನು ನಾನಾಗಲೇ ಮುಗಿಸಿದ್ದೆನಾದುದರಿಂದ, ಇಳಿಜಾರಿನಲ್ಲಿ ಇಬ್ಬರೂ ಕಾರನ್ನು ತಳ್ಳಿದರು. ಎರಡನೆಯ ಗೇರಿನಲ್ಲಿ ಕ್ಲಚ್ಚನ್ನು ಬಿಟ್ಟೊಡನೆ ಇಂಜಿನ್ ಗುಡುಗಿತು.

ಗೋಣಿಕೊಪ್ಪಲನ್ನು ದಾಟಿ ವಿರಾಜಪೇಟೆಯನ್ನು ಸೇರಿದೆವು. ಚಿಕಿತ್ಸೆ ದೊರೆತು ಅಮ್ಮನ ಉಸಿರು ನಿಧಾನವಾಗಿ ತಹಬಂದಿಗೆ ಬಂದಿತು. ಬೆಳಗಿನ ಜಾವ ವೈದ್ಯರು ನನ್ನನ್ನು ಕರೆದು, “ಇದು ಎಷ್ಟು ದಿನಗಳಿಂದ ಇದೆ?” ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. “ಒಂದು ತಿಂಗಳಾಯಿತು, ರಾತ್ರಿಯ ಹೊತ್ತು ಕೆಮ್ಮು” ಎಂದು ಅಮ್ಮನೇ ಮೆಲ್ಲಗೆ ಹೇಳಿದರು. ಒಂದೇ ಮನೆಯಲ್ಲಿದ್ದೂ ಎರಡು ಕೆಮ್ಮುಗಳು ನನ್ನ ಕಿವಿಗೆ ಬಿದ್ದಿರಲಿಲ್ಲ. ನಾನು ತಲೆ ತಗ್ಗಿಸಿದೆ.

ಆಮೇಲೆ ಎಷ್ಟೋ ಭಾನುವಾರಗಳನ್ನು ನಾನು ಕಾಕನ ಗ್ಯಾರೇಜಿನಲ್ಲಿ ಕಳೆದೆ. ಊರಿನಲ್ಲಿ ಮೇಷ್ಟ್ರಾಗಿದ್ದವನು ಅಲ್ಲಿ ವಿದ್ಯಾರ್ಥಿಯಾದೆ. ವಾಹನದ ರೋಗವನ್ನು ಕಣ್ಣು, ಕಿವಿ, ಮೂಗು ಮೂರರಿಂದಲೂ ತಿಳಿಯಬಹುದು ಎಂದು ಅವರು ತೋರಿಸಿಕೊಟ್ಟರು. ಹೊಗೆ ಕಪ್ಪಾಗಿದ್ದರೆ ಇಂಜಿನ್ನಿಗೆ ಪೆಟ್ರೋಲು ಹೆಚ್ಚಾಗಿದೆ. ನೀಲಿಯಾಗಿದ್ದರೆ ಆಯಿಲ್ ಸುಡುತ್ತಿದೆ. ಚಳಿಗಾಲದ ಬೆಳಗಿನಲ್ಲಿ ಕಾಣುವ ಬಿಳಿಯ ಹೊಗೆ ಬರಿಯ ಆವಿ, ಅದಕ್ಕೆ ಹೆದರಬೇಕಾಗಿಲ್ಲ. ಇಂಜಿನ್ ಬಿಸಿಯಾದ ಮೇಲೂ ಅದು ನಿಲ್ಲದೆ, ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ ಆ ನೀರು ಇಂಜಿನ್ನಿನ ಒಳಕ್ಕೆ ಸೇರುತ್ತಿದೆ ಎಂದು ಸಂಶಯಪಡಬೇಕು. ಪ್ಲಗ್ಗನ್ನು ಬಿಚ್ಚಿದಾಗ ಅದರ ತುದಿ ತಿಳಿಕಂದು ಬಣ್ಣದಲ್ಲಿದ್ದರೆ ಇಂಜಿನ್ ಆರೋಗ್ಯವಾಗಿದೆ ಎಂದು ತಿಳಿಯಬಹುದು. ಕೀಲಿ ತಿರುಗಿಸಿದಾಗ ಇಂಜಿನ್ ತಿರುಗದೆ ದೀಪವೂ ಮಂಕಾದರೆ ಮೊದಲು ಬ್ಯಾಟರಿಯನ್ನೂ ಅದರ ತುದಿಗಳಲ್ಲಿ ಕಟ್ಟಿದ ಪುಡಿಯನ್ನೂ ನೋಡಬೇಕು. ಇಂಜಿನ್ ಚೆನ್ನಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಕಿಡಿಯನ್ನೂ ಪೆಟ್ರೋಲನ್ನೂ ವಿಚಾರಿಸಬೇಕು.

ಬ್ರೇಕಿನ ಮಾತು ಬಂದಾಗ ಮಾತ್ರ ಅವರು ನಗುತ್ತಿರಲಿಲ್ಲ. “ಇಂಜಿನ್ ಕೆಟ್ಟರೆ ಗಾಡಿ ನಿಲ್ಲುತ್ತದೆ, ಬ್ರೇಕ್ ಕೆಟ್ಟರೆ ಗಾಡಿ ನಿಲ್ಲುವುದಿಲ್ಲ” ಎನ್ನುತ್ತಿದ್ದರು. ಒತ್ತಿದಾಗ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಸದ್ದು ಬಂದರೆ ಲೈನಿಂಗ್ ಸವೆದಿದೆ. ಪೆಡಲ್ ಮೆತ್ತಗೆ ಕೆಳಗಿಳಿದರೆ ಎಣ್ಣೆ ಸೋರಿದೆ, ಇಲ್ಲವೆ ಕೊಳವೆಯಲ್ಲಿ ಗಾಳಿ ಸೇರಿದೆ. ಮಾಕುಟ್ಟದಂಥ ಘಟ್ಟವನ್ನು ಇಳಿಯುವಾಗ ಸುಟ್ಟ ವಾಸನೆ ಬಂದರೆ ಕೂಡಲೇ ನಿಲ್ಲಿಸಿ ಬ್ರೇಕನ್ನು ಆರಗೊಡಬೇಕು. ಹತ್ತುವ ಗೇರಿನಲ್ಲಿಯೇ ಇಳಿಯಬೇಕು.

ಇವೆಲ್ಲಕ್ಕಿಂತ ಮಿಗಿಲಾದ ಪಾಠ ಬೇರೊಂದಿತ್ತು. ಕಾಕ ಎಂದೂ ಒಮ್ಮೆಗೇ ಬಿಡಿಭಾಗವನ್ನು ಬದಲಾಯಿಸುತ್ತಿರಲಿಲ್ಲ. ಮೊದಲು ಕೇಳುತ್ತಿದ್ದರು, ಆಮೇಲೆ ನೋಡುತ್ತಿದ್ದರು. ಹತ್ತು ಕಾರಣಗಳು ತೋರಿದರೆ ಸುಲಭವಾದುದನ್ನು, ಖರ್ಚಿಲ್ಲದುದನ್ನು ಮೊದಲು ಪರೀಕ್ಷಿಸುತ್ತಿದ್ದರು. ಒಂದು ಸಲಕ್ಕೆ ಒಂದನ್ನೇ ಸರಿಪಡಿಸಿ ಓಡಿಸಿ ನೋಡುತ್ತಿದ್ದರು. ಹಾಗಲ್ಲದಿದ್ದರೆ ಯಾವುದರಿಂದ ರೋಗ ವಾಸಿಯಾಯಿತೆಂದು ಹೇಗೆ ತಿಳಿಯಬೇಕು? ಪ್ರಯೋಗಶಾಲೆಯಲ್ಲಿ ವಿಜ್ಞಾನಿ ಮಾಡುವುದೂ ಇದನ್ನೇ ಅಲ್ಲವೆ?

ಇಂದಿನ ಹೊಸ ಕಾರುಗಳಲ್ಲಿ ಆ ಕಪ್ಪು ಮುಚ್ಚಳವೂ ಇಲ್ಲ, ಕಾರ್ಬುರೇಟರೂ ಇಲ್ಲ. ಇಂಜಿನ್ನನ್ನು ಪುಟ್ಟ ಕಂಪ್ಯೂಟರ್ ನಡೆಸುತ್ತದೆ. ದೋಷ ಕಂಡರೆ ಚಾಲಕನ ಮುಂದೆ ದೀಪವನ್ನು ಹೊತ್ತಿಸಿ, ಸಂಕೇತವೊಂದನ್ನು ಬರೆದಿಡುತ್ತದೆ. ಆದರೆ ಅದೂ ಪೂರ್ತಿ ಉತ್ತರವಲ್ಲ. ಗಾಳಿ ಹೆಚ್ಚಾಗಿದೆ ಎಂದಷ್ಟೇ ಸಂಕೇತ ಹೇಳೀತು. ರಬ್ಬರ್ ಕೊಳವೆ ಬಿರುಕುಬಿಟ್ಟಿದೆಯೋ, ಪೆಟ್ರೋಲಿನ ಒತ್ತಡ ಕುಗ್ಗಿದೆಯೋ ಎಂಬುದನ್ನು ಮನುಷ್ಯನೇ ಹುಡುಕಬೇಕು. ದೀಪ ಹೊತ್ತಿದುದನ್ನು ಕಂಡೂ ಕಾಣದಂತೆ ಓಡಿಸುವವರು ಇಂದೂ ಇದ್ದಾರೆ, ಅಂದು ನಾನಿದ್ದಂತೆಯೇ.

ಆ ಕಾರನ್ನು ಮಾರಿ ಬಹಳ ಕಾಲವಾಯಿತು. ಕಾಕನೂ ಇಲ್ಲ, ಅಮ್ಮನೂ ಇಲ್ಲ. ಆ ರಾತ್ರಿಯ ಬಳಿಕ ಅಮ್ಮ ಹತ್ತೊಂಬತ್ತು ಮಳೆಗಾಲಗಳನ್ನು ನಮ್ಮೊಡನೆ ಕಳೆದರು. ಈಗಲೂ ಮಳೆಯ ರಾತ್ರಿಯಲ್ಲಿ ಮನೆಯೊಳಗೆ ಯಾರಾದರೂ ಕೆಮ್ಮಿದರೆ ನಾನು ಎದ್ದು ಹೋಗಿ, “ಎಷ್ಟು ದಿನಗಳಿಂದ?” ಎಂದು ಕೇಳುತ್ತೇನೆ.